ಅಂಕಿಯಲ್ಲೂ ಅಕ್ಷರದಲ್ಲೂ

ಮುಳಬಾಗಿಲು
8 ಆಗಸ್ಟ್ 2005

ಹರಿಪ್ರಿಯಾಳಿಗೆ ಅಣ್ಣ ವಿದ್ಯಾಧೀಶ ಬರೆಯುವುದು.

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿರುವುದರಿಂದ ಯಾವ ಒಕ್ಕಣೆ ಹಾಕಬೇಕೋ ತಿಳಿಯಲಿಲ್ಲ. ಎರಡು ಹಾಳೆ ಹರಿದೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಊರಿನವರ ಕ್ರಯಪತ್ರ, ದಾನಪತ್ರಗಳಿಗೆಲ್ಲ ಒಕ್ಕಣೆ ಹಾಕಿದವನಿಗೆ ತನ್ನ ತಂಗಿಗೆ ಬರೆಯುವುದು ಹೇಗೆಂದು ಗೊತ್ತಿಲ್ಲ ಅಂದರೆ ಪಕ್ಕದ ಮೇಜಿನ ಗಂಗುಲಪ್ಪ ನಗುತ್ತಾನೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಲ್ಯಾಪ್‌ಟಾಪ್ ಕೆಟ್ಟಿತ್ತು. ವೈರಸ್ಸಂತೆ. ಕೋಲಾರಕ್ಕೆ, ನೀನು ಅದನ್ನು ಕೊಂಡ ಅಂಗಡಿಗೇ ತೆಗೆದುಕೊಂಡು ಹೋದೆ. ಭಾರ್ಗವ್ ಇದ್ದ. ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದ. ಪುಣ್ಯಕ್ಕೆ ನನ್ನ ಪತ್ರಗಳಿದ್ದ ಡಿ ಭಾಗ ಉಳಿಯಿತು. ಆಮೇಲೆ ಒಂದು ಚೀಟಿ ಬರೆದು ತೋರಿಸಿದ: ‘ಸಾರ್, ಕ್ರ್ಯಾಕ್ ಹಾಕ್ಕೊಡ್ತೀನಿ, ಎಲ್ರೂ ಅದೇ ಹಾಕ್ಸೋದು, ಕಿರಿಕಿರಿ ಇರಲ್ಲ.’ ನಾನು ಒಪ್ಪಲಿಲ್ಲ. ಲ್ಯಾಪ್‌ಟಾಪಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಇಪ್ಪತ್ತೈದು ಅಕ್ಷರದ ಅಸಲಿ ಕೀ ಇದೆಯಲ್ಲ. ಆಯುಧಪೂಜೆಯ ದಿನ ಕುಂಕುಮದ ನೀರು ಬಿದ್ದು ಅಳಿಸೀತು ಅಂತ ನೀನೇ ಮೇಲೆ ಟೇಪು ಅಂಟಿಸಿದ್ದೆ. ಒಂದಕ್ಷರವೂ ಹಾಳಾಗಿಲ್ಲ. ಜಮೀನಿಗೆ ಮೂಲಪತ್ರ ಹೇಗೋ ಇದಕ್ಕೆ ಆ ಚೀಟಿ. ಮೂಲಪತ್ರ ಕೈಯಲ್ಲಿಟ್ಟುಕೊಂಡು ನಕಲಿಗೆ ಯಾಕೆ ಹೋಗಲಿ?

ಮನೆಗೆ ತಂದು ಕೀಯನ್ನು ನಾನೇ ಒತ್ತಿದೆ. ಒಪ್ಪಿಕೊಂಡಿತು. ಆದರೆ ಪತ್ರ ಬರೆದರೆ ಸಾಲದು, ರಿಜಿಸ್ಟರೂ ಆಗಬೇಕು ಅನ್ನುವ ಹಾಗೆ ಇದನ್ನು ಆಕ್ಟಿವೇಟ್ ಮಾಡಿಸಬೇಕಂತೆ. ಮೂವತ್ತು ದಿನ ಗಡುವು. ಇಂಟರ್‌ನೆಟ್ ಇದ್ದರೆ ತಾನೇ ಮಾಡಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಇಲ್ಲ. ಇಲ್ಲದವರು ಕಂಪನಿಗೆ ಫೋನ್ ಮಾಡಿ, ಪರದೆಯ ಮೇಲೆ ಬರುವ ಐವತ್ತನಾಲ್ಕು ಅಂಕಿಗಳನ್ನು ಓದಿ ಹೇಳಬೇಕು. ಆ ಕಡೆಯವರು ನಲವತ್ತೆರಡು ಅಂಕಿ ಹೇಳುತ್ತಾರೆ. ಅದನ್ನು ಇಲ್ಲಿ ಏಳು ಮನೆಗಳಲ್ಲಿ ತುಂಬಬೇಕು.

ಒಂಬತ್ತು ವರ್ಷದಿಂದ ಗುಡುಗೂ ಕೇಳಿಸದವನಿಗೆ ಫೋನ್ ಮಾಡು ಅನ್ನುತ್ತದೆ ಆ ಯಂತ್ರ. ಗಂಗುಲಪ್ಪನ ಕೈಲಿ ಮಾಡಿಸಿ ನೋಡಿದೆ. ಅರ್ಧಕ್ಕೇ ಇಟ್ಟುಬಿಟ್ಟ. ‘ಆಯಮ್ಮ ನಿಲ್ಸೋದೇ ಇಲ್ಲ ಸ್ವಾಮಿ. ನಾನು ಒಕಟಿ, ರೆಂಡು ಅಂತ ಲೆಕ್ಕ ಹಾಕೋ ಅಷ್ಟೊತ್ಗೆ ಆಯಮ್ಮ ಇನ್ನೆಲ್ಲೋ ಹೋಗಿರ್ತಾಳೆ’ ಅಂತ ಬರೆದುಕೊಟ್ಟ.

ತಾಯಲೂರಿನ ಮುತ್ಯಾಲಮ್ಮನ ದಾನಪತ್ರದ ಕರಡು ಅದರೊಳಗಿದೆ. ಹಿಪ್ಪುನೇರಳೆ ತೋಟದ ಅರ್ಧ ಎಕರೆ ಮಗಳ ಹೆಸರಿಗೆ ಬರೆಸುತ್ತಿದ್ದಾಳೆ. ಇಂಥವು ಇನ್ನೂ ಹನ್ನೊಂದು. ಸೆಪ್ಟೆಂಬರ್ ನಾಲ್ಕಕ್ಕೆ ಗಡುವು ಮುಗಿಯುತ್ತದೆ, ಆಮೇಲೆ ಅದು ಬಾಗಿಲು ಹಾಕಿಕೊಳ್ಳುತ್ತದೆ.

ಆದಕಾರಣ ಮಾಲೂರಿನಿಂದ ನೀನು ಫೋನ್ ಮಾಡಿ, ಅವರು ಹೇಳಿದ್ದನ್ನು ಅಂಚೆಯಲ್ಲಿ ಕಳಿಸಬೇಕಾಗಿ ಕೋರುತ್ತೇನೆ. ಐವತ್ತನಾಲ್ಕು ಅಂಕಿಯನ್ನೂ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ, ನಮ್ಮ ಪದ್ಧತಿಯಂತೆ ಅಂಕಿಯಲ್ಲೂ ಅಕ್ಷರದಲ್ಲೂ.

ಇತಿ,
ವಿದ್ಯಾಧೀಶ

ಷರಾ: ಮೊದಲನೇ ಸಾಲಿನಲ್ಲಿ ಹೊಡೆದುಹಾಕಿರುವ ಒಂದು ಪದ ನನ್ನ ಕೈಯಿಂದಲೇ ಹೊಡೆದದ್ದು.


ಮಾಲೂರು
12 ಆಗಸ್ಟ್ 2005

ಅಣ್ಣಾ,

ಕಾಗದ ಬಂತು. ಹದಿನಾಲ್ಕು ತಿಂಗಳಲ್ಲಿ ತಂಗಿ ಬದುಕಿದ್ದಾಳಾ ಅಂತ ಒಂದು ಕಾರ್ಡು ಹಾಕದವನು, ಲ್ಯಾಪ್‌ಟಾಪ್ ಸತ್ತಿತು ಅಂತ ಮೂರು ಪುಟ ಬರೆದಿದ್ದೀಯ. ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನಲ್ಲಿ ಅರವತ್ತೆರಡು ಹೆಣ್ಣುಮಕ್ಕಳಿದ್ದಾರೆ. ವಾರ್ಡನ್ ಅಂದರೆ ಹೆದರುತ್ತಾರೆ, ಬೆನ್ನ ಹಿಂದೆ ಅಣಕಿಸುತ್ತಾರೆ. ನನಗೆ ಅದು ಕೇಳಿಸುತ್ತದೆ.

ನಿನಗೊಂದು ಪ್ರಶ್ನೆ. ಭಾರ್ಗವನ ಅಂಗಡಿಯಲ್ಲಿ ಫೋನಿದೆ. ಅವನಿಗೆ ಇಂಗ್ಲಿಷೂ ಬರುತ್ತದೆ. ಕೋಲಾರದಲ್ಲಿ ಐದು ನಿಮಿಷದಲ್ಲಿ ಆಗುವ ಕೆಲಸ ಮಾಲೂರು ಸುತ್ತಿಕೊಂಡು ಯಾಕೆ ಬಂತು?

ಹೋಗಲಿ. ಮಾಡಿಕೊಡುತ್ತೇನೆ. ಆದರೆ ನೀನು ಐವತ್ತನಾಲ್ಕು ಅಂಕಿ ಬರೆದು ಕಳಿಸಿದವನು ನನಗೆ ಇನ್ನು ಮೂರೇ ಮೂರು ಅಂಕಿ ಬರೆದು ಕಳಿಸಬೇಕು. ನಾನು ಹುಟ್ಟಿದ್ದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ?

ಕಳೆದ ವರ್ಷ ಜೂನ್‌ನಲ್ಲಿ ಅಪ್ಪನ ಟ್ರಂಕಿನಲ್ಲಿ ಹಳೇ ರೇಷ್ಮೆ ಪಂಚೆ ಹುಡುಕುತ್ತಿದ್ದೆ. ನನ್ನ ಜಾತಕ ಸಿಕ್ಕಿತು. ಅಪ್ಪನ ಕೈಬರಹ. ಅದರ ಪಕ್ಕದಲ್ಲೇ ನಿನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ ಪ್ರತಿ, ಕಾರ್ಬನ್ ಇಟ್ಟು ತೆಗೆದದ್ದು. ಗಂಡಿನ ಕಡೆಯವರಿಗೆ ನೀನು ಕೊಡುತ್ತಿದ್ದುದು ಆ ಪ್ರತಿ. ಅಪ್ಪ ಬರೆದಿದ್ದ ಹೊತ್ತಿಗೆ ಹುಟ್ಟಿದರೆ ನನ್ನದು ಪೂರ್ವಾಷಾಢ. ನೀನು ಬರೆದ ಹೊತ್ತಿಗೆ ಹುಟ್ಟಿದರೆ ಮೂಲಾ. ಮೂಲಾ ನಕ್ಷತ್ರದ ಹುಡುಗಿಯನ್ನು ಮಾವ ಬದುಕಿರುವ ಮನೆಗೆ ಯಾರೂ ತರುವುದಿಲ್ಲ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು.

ಎರಡನ್ನೂ ಹಿಡಿದುಕೊಂಡು ನಿನ್ನ ಮುಂದೆ ಬಂದು ನಿಂತೆ. ನೀನು ತಲೆ ಎತ್ತಿ ‘ಏನೇ?’ ಅಂದೆ. ನಿನ್ನನ್ನು ಏನು ಕೇಳಬೇಕಾದರೂ ಸ್ಲೇಟಿನ ಮೇಲೆ ಬರೆಯಬೇಕಲ್ಲ. ಬಳಪ ಕೈಗೆ ತಗೊಂಡೆ, ಬರೆಯಲು ಆಗಲಿಲ್ಲ. ‘ಏನಿಲ್ಲ, ಊಟ’ ಅಂತ ಬರೆದೆ. ಮಾರನೇ ದಿನವೇ ಈ ಕೆಲಸಕ್ಕೆ ಬರ್ತೀನಿ ಅಂತ ತಿಳಿಸಿದೆ.

ಸರಿ ಯಾವುದು ಅಂತ ನನಗೆ ಗೊತ್ತು. ನಿನ್ನ ಕೈಯಿಂದ ಬರಬೇಕು, ಅಷ್ಟೇ. ಅಂಕಿಯಲ್ಲೂ ಅಕ್ಷರದಲ್ಲೂ ಬರಿ.

ಹರಿಪ್ರಿಯಾ


ಮುಳಬಾಗಿಲು
18 ಆಗಸ್ಟ್ 2005

ಹರಿಪ್ರಿಯಾಳಿಗೆ,

ನಿನ್ನ ಕಾಗದ ಹದಿನಾರಕ್ಕೆ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ರೂಢಿ. ‘ಎಲ್ಲರೂ’ ಅನ್ನುವುದಕ್ಕೆ ನಾನೊಬ್ಬನೇ ಇದ್ದೇನೆ, ನಾನು ಕ್ಷೇಮ.

ನಾಡಿದ್ದು ರಾಯರ ಆರಾಧನೆ. ಮಠಕ್ಕೆ ಹೋಗಿ ಊಟ ಮಾಡಿ ಬರುತ್ತೇನೆ. ದಧಿವ್ರತ ಶುರುವಾಗಿ ಮೊಸರಿಲ್ಲ, ನೀನು ಮಾಡುತ್ತಿದ್ದ ಪುಡಿ ಸಾರೂ ಇಲ್ಲ. ಗಂಗುಲಪ್ಪನ ಹೆಂಡತಿ ಆದಿಲಕ್ಷ್ಮಿ ಒಂದು ದಿನ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದ್ದಳು. ಗೌನಿಪಲ್ಲಿಯಲ್ಲಿರುವ ಅವಳ ತವರಿನ ತೋಪಿನದು. ಬಹಳ ಖಾರ.

ಹುಟ್ಟಿದ ಹೊತ್ತಿನ ಬಗ್ಗೆ ಕೇಳಿದ್ದೀಯ. ನಲವತ್ತು ವರ್ಷದ ಹಿಂದಿನ ಮಾತು. ಆಗ ಮನೆಯಲ್ಲಿದ್ದುದು ಒಂದೇ ಗೋಡೆ ಗಡಿಯಾರ, ಅದು ದಿನಕ್ಕೆ ಕಾಲು ಗಂಟೆ ಹಿಂದೆ ಬೀಳುತ್ತಿತ್ತು. ಅಪ್ಪ ಅಂದಾಜಿನ ಮೇಲೆ ಬರೆದಿರಬಹುದು. ಸೂಲಗಿತ್ತಿ ಇನ್ನೊಂದು ಹೇಳಿರಬಹುದು. ನಕಲು ಮಾಡುವಾಗ ಯಾವುದನ್ನು ನೋಡಿ ಬರೆದೆನೋ ಈಗ ನೆನಪಿಲ್ಲ. ಜಾತಕವೆಂದರೆ ಎಷ್ಟು ಮಂದಿ ಜೋಯಿಸರೋ ಅಷ್ಟು ಲೆಕ್ಕ. ಮುಗಿದದ್ದನ್ನು ಕೆದಕಿದರೆ ಕಣ್ಣಿಗೇ ಬೂದಿ.

ಪರದೆಯ ಮೂಲೆಯಲ್ಲಿ ಒಂದು ಚೀಟಿ ಎದ್ದು ಬಂದು ಇನ್ನು ಹದಿನೇಳು ದಿನ ಉಳಿದಿದೆ ಅನ್ನುತ್ತದೆ. ದಿನಾ ಒಂದು ಕಡಿಮೆ ಮಾಡಿ ತೋರಿಸುತ್ತದೆ. ಆಫೀಸಿನಿಂದ ಬಂದು ಅದನ್ನು ತೆರೆದರೆ ಅದೊಂದೇ ನನ್ನ ಜೊತೆ ಮಾತಾಡಿದ ಹಾಗೆ. ಮುತ್ಯಾಲಮ್ಮ ಎರಡು ಸಲ ಬಂದು ಹೋದಳು.

ಇತಿ,
ವಿದ್ಯಾಧೀಶ


ಮಾಲೂರು
23 ಆಗಸ್ಟ್ 2005

ಅಣ್ಣಾ,

ಗಡಿಯಾರದ ಕಥೆ ಓದಿದೆ. ದಿನಕ್ಕೆ ಕಾಲು ಗಂಟೆ ಹಿಂದೆ ಬೀಳುವ ಗಡಿಯಾರ, ನಿನ್ನ ಕೈಗೆ ಬಂದ ಮೇಲೆ ಸರಿಯಾಗಿ ಎರಡು ಗಂಟೆ ಹಿಂದೆ ಬಿತ್ತು.

ಭಾನುವಾರ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಹುಡುಗಿಯರೆಲ್ಲ ಹಬ್ಬಕ್ಕೆ ಸೋಪು, ರಿಬ್ಬನ್ನು ಅಂತ ಪೇಟೆಗೆ ಹೊರಟಿದ್ದರು, ಅವರ ಜೊತೆಗೇ ಹೋದೆ. ಮೊದಲು ಯಂತ್ರದ ಧ್ವನಿ ಬರುತ್ತದೆ. ಆರಾರು ಅಂಕಿಯ ಗುಂಪು ಒತ್ತುತ್ತಾ ಹೋಗಬೇಕು. ಐದು ಗುಂಪು ಸರಿಯಾಯಿತು. ಆರನೆಯದು ತಪ್ಪು ಅಂತು. ಮತ್ತೆ ಒತ್ತಿದೆ, ಮತ್ತೆ ತಪ್ಪು ಅಂತು. ಹಾಳೆ ತಿರುಗಿಸಿ ನೋಡಿದರೆ ಅಂಕಿಯಲ್ಲಿ ನಾಲ್ಕು ಬರೆದಿದ್ದೀಯ, ಅಕ್ಷರದಲ್ಲಿ ‘ಏಳು’ ಅಂತಿದೆ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರವೇ ಊರ್ಜಿತ ಅಂತ ನೀನೇ ಕಲಿಸಿದ್ದೆ. ಏಳು ಒತ್ತಿದೆ, ಒಪ್ಪಿತು.

ಒಂದೇ ಒಂದು ಅಂಕಿ ಅಣ್ಣಾ. ಆ ಯಂತ್ರ ಹಿಡಿದುಬಿಟ್ಟಿತು. ನಮ್ಮ ಜನ ಮಾತ್ರ, ಗಂಡಿನ ಕಡೆಯ ಮೂರು ಮನೆಯವರೂ, ನೀನು ಕೊಟ್ಟ ಜಾತಕ ಓದಿ, ಮಡಚಿ, ವಾಪಸ್ ಕೊಟ್ಟು ಹೋದರು.

ಆಮೇಲೆ ಒಬ್ಬಳು ಹುಡುಗಿ ಲೈನಿಗೆ ಬಂದಳು. ಇದನ್ನು ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ ಅಂತ ಕೇಳಿದಳು. ಒಂದೇ, ಕೆಟ್ಟು ಹೋಗಿ ಅದಕ್ಕೇ ಮತ್ತೆ ಹಾಕಿದ್ದು ಅಂದೆ. ನಿಮ್ಮದೇನಾ ಅಂದಳು. ಅಣ್ಣನದು ಅಂದೆ. ಅವರನ್ನೇ ಕರೀರಿ ಅಂದಳು. ಅವರಿಗೆ ಕಿವಿ ಕೇಳಿಸಲ್ಲ, ಅವರ ಪರವಾಗಿ ನಾನೇ ಕೇಳೋದು ಅಂದೆ. ಬಾಯಿಗೆ ತಾನಾಗಿ ಬಂದುಬಿಟ್ಟಿತು. ‘ಓಕೆ ಮೇಡಂ’ ಅಂದು ನಿಧಾನವಾಗಿ, ಎರಡೆರಡು ಸಲ, ನಲವತ್ತೆರಡು ಅಂಕಿ ಬರೆಸಿದಳು. ಫೋನ್ ಇಟ್ಟು ಬೂತಿನ ಸ್ಟೂಲ್ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ.

ನಿನಗೆ ಬೇಕಾದದ್ದು ಈಗ ನನ್ನ ಹತ್ತಿರ ಇದೆ. ನನಗೆ ಬೇಕಾದದ್ದು ನಿನ್ನ ಹತ್ತಿರ ಇದೆ. ಇಂಥದ್ದಕ್ಕೆ ವಿನಿಮಯ ಪತ್ರ ಅನ್ನುತ್ತಾರೆ ಅಲ್ವಾ? ನೀನು ಮೊದಲು ಬರಿ.

ಹರಿಪ್ರಿಯಾ


ಮುಳಬಾಗಿಲು
28 ಆಗಸ್ಟ್ 2005

ಹರೀ,

7-10. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಅಂದಾಜಿನ ಮಾತಲ್ಲ. ನನಗೆ ಆಗ ಹನ್ನೆರಡು ವರ್ಷ. ಅಮ್ಮನ ಕೋಣೆಯ ಹೊರಗೆ ಕೂತಿದ್ದೆ. ನೀನು ಅತ್ತದ್ದು ಕೇಳಿಸಿತು, ಅಪ್ಪ ಗಡಿಯಾರ ನೋಡು ಅಂದರು, ನೋಡಿ ಹೇಳಿದವನು ನಾನೇ. ಆ ಗಡಿಯಾರ ಹಿಂದೆ ಬೀಳುತ್ತಿರಲಿಲ್ಲ. ಮೊನ್ನೆ ಬರೆದದ್ದು ಸುಳ್ಳು.

ಕೇಳಿದ್ದು ಅಷ್ಟೇ, ಆದರೆ ಉಳಿದದ್ದನ್ನೂ ಬರೆಯುತ್ತೇನೆ. ತೊಂಬತ್ತಾರರಲ್ಲಿ ಟೈಫಾಯಿಡ್ ಬಂದು ಕಿವಿ ಹೋಯಿತಲ್ಲ, ನಿಮ್ಮತ್ತಿಗೆ ಆಗಲೇ ತೀರಿಕೊಂಡಿದ್ದಳು. ಮೇಜು ಬಿಡಬೇಕಾಗುತ್ತದೆ ಅಂದುಕೊಂಡಿದ್ದೆ. ಜನ ಬಂದು ಬಾಯಿ ಆಡಿಸುತ್ತಾರೆ, ನನಗೆ ಗೊತ್ತಾಗುವುದಿಲ್ಲ. ಎರಡು ಎಕರೆ ಅಂದದ್ದನ್ನು ಹತ್ತು ಎಕರೆ ಅಂತ ಬರೆದರೆ ಮುಗಿಯಿತಲ್ಲ ನನ್ನ ಕಥೆ. ನೀನು ಸ್ಲೇಟು ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂತೆ. ಮೊದಲ ದಿನ ಗಂಗುಲಪ್ಪ ಏನೋ ತಮಾಷೆ ಮಾಡಿದ್ದನ್ನೂ ಬರೆದು ತೋರಿಸಿದೆ. ಆರು ತಿಂಗಳಾದ ಮೇಲೆ ನಾನು ನಕ್ಕದ್ದು ಆವತ್ತು.

ಮಾರನೇ ವರ್ಷ ಶ್ರೀನಿವಾಸಪುರದಿಂದ ಮೇಷ್ಟ್ರು ವೆಂಕಟೇಶನ ಕಡೆಯವರು ಜಾತಕ ಕೇಳಿದರು. ನಕಲು ಮಾಡಲು ಕೂತೆ. ಏಳು ಬರೆಯಬೇಕಾದಲ್ಲಿ ಐದು ಬರೆದೆ. ಕೈ ತಪ್ಪಿದ್ದಲ್ಲ. ಐದು ಬರೆದರೆ ಏನಾಗುತ್ತದೆ ಅಂತ ಪಂಚಾಂಗ ನೋಡಿಕೊಂಡೇ ಬರೆದದ್ದು. ಇದೊಂದು ಸಲ, ಮುಂದಿನದು ಸರಿಯಾಗಿ ಕೊಡುತ್ತೇನೆ ಅಂದುಕೊಂಡೆ. ಮುಂದಿನದಕ್ಕೂ ಅದನ್ನೇ ಕೊಟ್ಟೆ. ಅದರ ಮುಂದಿನದಕ್ಕೂ. ಆಮೇಲೆ ಯಾರೂ ಕೇಳಲಿಲ್ಲ, ನಿನಗೆ ವಯಸ್ಸಾಗಿತ್ತು. ನೀನು ಹೋದರೆ ನನ್ನ ಕಿವಿ ಹೋಗುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿದ್ದುದು. ನಿನಗೊಂದು ಮನೆ, ಮಕ್ಕಳು ಆಗಬಹುದಿತ್ತು ಅನ್ನುವುದು ಹೊಳೆಯಲಿಲ್ಲ ಅಂತ ಬರೆದರೆ ಅದೂ ಸುಳ್ಳೇ. ಹೊಳೆದಿತ್ತು.

ಊರಿನವರ ಪತ್ರದಲ್ಲಿ ಒಂದು ಗುಂಟೆ ಹೆಚ್ಚುಕಮ್ಮಿ ಬರೆದವನಲ್ಲ ನಾನು. ಮನೆಯೊಳಗೆ ಇಂಥದ್ದು ಮಾಡಿದೆ. ಕ್ಷಮಿಸು ಅಂತ ಬರೆಯಲು ಮುಖವಿಲ್ಲ.

ಭಾರ್ಗವ್ ಅಂಗಡಿಯಿಂದಲೇ ಫೋನ್ ಮಾಡಿಕೊಡುತ್ತೇನೆ ಅಂದಿದ್ದು ನಿಜ. ಫೋನ್ ಎತ್ತಿಯೂ ಆಗಿತ್ತು. ನಾನೇ ಬೇಡ ಅಂದು ಬ್ಯಾಗಿಗೆ ಹಾಕಿಕೊಂಡು ಬಂದೆ. ನಿನಗೆ ಬರೆಯಲು ನನಗೊಂದು ನೆಪ ಬೇಕಿತ್ತು. ಬಸ್ಸಿನಲ್ಲಿ ಖುಷಿಯಾಗಿದ್ದೆ ಕಣೇ.

ಆ ನಲವತ್ತೆರಡು ಅಂಕಿ ಕಳಿಸಬೇಡ. ಮುತ್ಯಾಲಮ್ಮನ ಪತ್ರವನ್ನು ಗಂಗುಲಪ್ಪನ ಕೈಲಿ ಬರೆಸಿಕೊಡುತ್ತೇನೆ. ವಿನಿಮಯ ಮಾಡಲು ನನ್ನ ಹತ್ತಿರ ಏನಿದೆ? ನಿನ್ನದನ್ನೇ ನಿನಗೆ ಕೊಟ್ಟಿದ್ದೇನೆ.

ನಿನ್ನ ಅಣ್ಣ


ಮಾಲೂರು
2 ಸೆಪ್ಟೆಂಬರ್ 2005

ಅಣ್ಣಾ,

ನಿನ್ನ ಕಾಗದವನ್ನು ಮೂರು ದಿನ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದೆ. ಹುಡುಗಿಯರು ಯಾಕೆ ಮಿಸ್ ಕಣ್ಣು ಕೆಂಪಗಿದೆ ಅಂದರು. ಈರುಳ್ಳಿ ಅಂದೆ. ಮೆಸ್ಸಿನಲ್ಲಿ ಆವತ್ತು ಈರುಳ್ಳಿಯೇ ಇರಲಿಲ್ಲ.

ನೀನು ಎಲ್ಲವನ್ನೂ ಬರೆದೆ ಅಂದುಕೊಂಡಿದ್ದೀಯ. ಒಂದನ್ನು ಬಿಟ್ಟೆ. ನಿನಗೆ ಅದು ನೆನಪಿಲ್ಲವೋ, ಬರೆಯಲು ಆಗಲಿಲ್ಲವೋ ಗೊತ್ತಿಲ್ಲ. ನಾನು ಬರೆಯುತ್ತೇನೆ.

ಶ್ರೀನಿವಾಸಪುರದ ಮೇಷ್ಟ್ರನ್ನು ನಾನು ಒಂದೇ ಸಲ ನೋಡಿದ್ದು. ಕೇಸರಿಬಾತ್ ತಟ್ಟೆ ತೆಗೆದುಕೊಂಡು ‘ದ್ರಾಕ್ಷಿ ಜಾಸ್ತಿ ಹಾಕಿದೀರಿ, ನಂಗಿಷ್ಟ’ ಅಂದರು. ಅಷ್ಟೇ ಮಾತು. ಎಂಟು ದಿನ ಅದನ್ನೇ ನೆನೆಸಿಕೊಂಡು ಓಡಾಡಿದೆ. ಒಂಬತ್ತನೇ ದಿನ ಅವರಪ್ಪ ಒಬ್ಬರೇ ಬಂದರು. ನಡುಮನೆಯಲ್ಲಿ ಕೂತರು. ನೀನು ಎದುರಿಗೆ ಕೂತೆ. ನಿನಗೆ ಕೇಳಿಸಲ್ಲವಲ್ಲ, ಅವರು ಹೇಳಿದ್ದನ್ನು ಬರೆದು ತೋರಿಸಲು ನಾನು ಬಂದು ಪಕ್ಕದಲ್ಲಿ ಕೂತೆ. ಬೇರೆ ಯಾರಿದ್ದರು?

ಅವರು ನನ್ನ ಮುಖ ನೋಡದೆ ಹೇಳಿದರು: ‘ಹುಡುಗಿ ಲಕ್ಷಣವಾಗಿದಾಳೆ, ನಮ್ಮ ಹುಡುಗನೂ ಒಪ್ಪಿದಾನೆ. ಆದ್ರೆ ಮೂಲಾ ನಕ್ಷತ್ರ ಆಯ್ತಲ್ಲಪ್ಪ. ನಾನಿನ್ನೂ ಬದ್ಕಿದೀನಿ.’ ನಾನು ಅದನ್ನು ಸ್ಲೇಟಿನ ಮೇಲೆ ಬರೆದೆ. ಒಂದು ಮಾತೂ ಬಿಡದೆ ಬರೆದೆ, ಹಾಗೆ ಬರೆಯಬೇಕು ಅಂತ ನೀನೇ ಕಲಿಸಿದ್ದೆ. ‘ಹುಡುಗನೂ ಒಪ್ಪಿದಾನೆ’ ಅನ್ನುವುದನ್ನೂ ಬರೆದೆ. ನೀನು ಓದಿ, ‘ಅಯ್ಯೋ, ಏನು ಮಾಡೋದು, ದೈವೇಚ್ಛೆ’ ಅಂದೆ. ನಾನು ಸೆರಗಿನಲ್ಲಿ ಸ್ಲೇಟು ಒರೆಸಿದೆ. ಆವತ್ತು ಸಾಯಂಕಾಲ ನೀನು ಊಟ ಬೇಡ ಅಂದೆ. ಅಣ್ಣನಿಗೆ ನನ್ನ ಚಿಂತೆ ಅಂತ ನಾನೇ ಸಮಾಧಾನ ಮಾಡಿ ಬಡಿಸಿದೆ.

ಇಂಥದ್ದು ಮೂರು ಸಲ ಆಯಿತು. ಮೂರು ಸಲವೂ ನಾನೇ ಬರೆದೆ, ನಾನೇ ಒರೆಸಿದೆ. ಐದು ಬರೆದದ್ದನ್ನಾದರೂ ಕ್ಷಮಿಸಿಯೇನು. ಆ ಸ್ಲೇಟನ್ನು ನನ್ನ ಕೈಗೆ ಕೊಟ್ಟೆಯಲ್ಲ ಅಣ್ಣಾ, ಅದನ್ನು ಹೇಗೆ ಕ್ಷಮಿಸಲಿ?

ಹಿಂದಿನ ಪುಟದಲ್ಲಿ ಏಳು ಮನೆಯ ನಲವತ್ತೆರಡು ಅಂಕಿಗಳಿವೆ. ಇದು ನಿನಗಾಗಿ ಅಲ್ಲ. ಮುತ್ಯಾಲಮ್ಮ ತನ್ನ ಮಗಳ ಹೆಸರಿಗೆ ಒಂದು ತುಂಡು ಭೂಮಿ ಬರೆಯಬೇಕು ಅಂತ ಓಡಾಡುತ್ತಿದ್ದಾಳಲ್ಲ, ಅದು ನಿಲ್ಲಬಾರದು. ಎರಡು ಸಲ ಸರಿ ನೋಡಿದ್ದೇನೆ.

ಇನ್ನು ಬರೆಯಬೇಡ.

ಹರಿಪ್ರಿಯಾ


ಮುಳಬಾಗಿಲು
7 ಸೆಪ್ಟೆಂಬರ್ 2005

ಹರೀ,

ಬರೆಯಬೇಡ ಅಂದಿದ್ದೀಯ. ತಲುಪಿತು ಅಂತ ತಿಳಿಸಬೇಕಾದದ್ದರಿಂದ ಇದೊಂದು.

ನಿನ್ನ ಕಾಗದ ಐದನೇ ತಾರೀಖು ಬಂತು. ಆ ಹೊತ್ತಿಗೆ ಗಡುವು ಮುಗಿದು ಯಂತ್ರ ಬಾಗಿಲು ಹಾಕಿಕೊಂಡಿತ್ತು. ತೆರೆದರೆ ಬೇರೇನೂ ಇಲ್ಲ, ಅಂಕಿ ತುಂಬುವ ಏಳು ಮನೆ ಮಾತ್ರ. ಒಂದೊಂದೇ ತುಂಬಿದೆ. ಎರಡು ಸಲ ತಪ್ಪಾಯಿತು. ಮೂರನೇ ಸಲ ಒಪ್ಪಿಕೊಂಡು ಒಳಗೆ ಬಿಟ್ಟಿತು. ಇಷ್ಟು ತಡವಾಗಿ ಬಂದರೂ ಅದು ಏನೂ ಅನ್ನಲಿಲ್ಲ.

ಮುತ್ಯಾಲಮ್ಮನ ದಾನಪತ್ರ ನಿನ್ನೆ ರಿಜಿಸ್ಟರ್ ಆಯಿತು. ಮಗಳನ್ನೂ ಕರೆದುಕೊಂಡು ಬಂದಿದ್ದಳು. ಓದಲು ಬಾರದಿದ್ದರೂ ಮಗಳ ಹೆಸರು ಎಲ್ಲಿದೆ ತೋರಿಸು ಅಂತ ಸನ್ನೆ ಮಾಡಿ ಬೆರಳಿಟ್ಟು ನೋಡಿದಳು.

ಆ ಸಾಯಂಕಾಲ ನನಗೆ ನೆನಪಿತ್ತು. ಬರೆಯಲು ಆಗಲಿಲ್ಲ.

ಅಣ್ಣ


ಮಾಲೂರು
16 ಜನವರಿ 2006

ಅಣ್ಣಾ,

ಬರೆಯಬೇಡ ಅಂದವಳು ನಾನೇ, ಬರೆಯುತ್ತಿರುವವಳೂ ನಾನೇ. ನೀನು ನಾಲ್ಕು ತಿಂಗಳು ಮಾತು ಉಳಿಸಿಕೊಂಡೆ. ದಸರೆಗೂ ಕಾರ್ಡಿಲ್ಲ, ದೀಪಾವಳಿಗೂ ಇಲ್ಲ. ಸಂಕ್ರಾಂತಿಯ ದಿನ ಅಂಚೆಯವನು ಬಂದಾಗ ಗೇಟಿನ ತನಕ ಹೋದೆ, ನಾಚಿಕೆಯಾಗಿ ವಾಪಸ್ ಬಂದೆ.

ಹುಡುಗಿಯರೆಲ್ಲ ಊರಿಗೆ ಹೋಗಿದ್ದರು. ಅಡುಗೆಯ ಶಾಮಲಮ್ಮನೂ ಹೋಗಿದ್ದಳು. ಅರವತ್ತೆರಡು ತಟ್ಟೆ ಕವುಚಿಟ್ಟ ಮೆಸ್ಸಿನಲ್ಲಿ ಕೂತು ಹುಗ್ಗಿ ತಿಂದೆ. ಸ್ವಲ್ಪ ಮಾಡಲು ಹೋದರೂ ಇಬ್ಬರಿಗಾಗುವಷ್ಟು ಆಗಿತ್ತು. ನನ್ನ ಕೋಣೆಯ ಬಾಗಿಲಿನ ಮೇಲೆ ‘ವಾರ್ಡನ್’ ಅಂತಿದೆ. ನಾಳೆ ಇನ್ನೊಬ್ಬಳು ಬಂದರೂ ಬೋರ್ಡು ಬದಲಾಯಿಸಬೇಕಾಗಿಲ್ಲ.

ಯೋಚನೆ ಮಾಡಿದ್ದೇನೆ. ನಿನ್ನ ಜೊತೆ ಒಂದೇ ಮನೆಯಲ್ಲಿ ಇರಲು ನನ್ನಿಂದ ಆಗುವುದಿಲ್ಲ. ನಿನ್ನ ಮುಖ ನೋಡಿದರೆ ಆ ನಡುಮನೆ ಕಾಣುತ್ತದೆ. ನೀನಿಲ್ಲದ ಊರಿನಲ್ಲಿ ಇರಲೂ ಆಗುತ್ತಿಲ್ಲ. ಇದಕ್ಕೆ ಒಂದು ಪತ್ರ ಬರಿ.

ಅಪ್ಪನ ಮನೆ ಇಬ್ಬರಿಗೂ ಸಮ. ವಿಭಾಗಪತ್ರ ಮಾಡು. ಉತ್ತರದ ಕೋಣೆ, ಅದರ ಹಿಂದಿನ ಅಡುಗೆಯ ಜಾಗ, ತುಳಸಿಕಟ್ಟೆಯ ಅರ್ಧ ಅಂಗಳ ನನಗೆ. ಬೀದಿಗೆ ನನ್ನದೇ ಬಾಗಿಲು. ನಡುವೆ ಮಾಡಿನ ತನಕ ಗೋಡೆ. ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸರಿಯಾಗಿ ಹಾಕು. ಯಾವಾಗ ಬಂದು ಇರ್ತೀನೋ ಗೊತ್ತಿಲ್ಲ, ಈ ಬೇಸಿಗೆಗೋ, ಕೆಲಸ ಮುಗಿದ ಮೇಲೋ. ನನ್ನ ಹೆಸರಿನ ಬಾಗಿಲು ಅಲ್ಲೊಂದು ಇರಲಿ.

ನಿನ್ನ ಕೈಯಿಂದಲೇ ಬರಿ. ಗಂಗುಲಪ್ಪನಿಗೆ ಕೊಡಬೇಡ.

ಹರಿಪ್ರಿಯಾ


ಮುಳಬಾಗಿಲು
20 ಫೆಬ್ರವರಿ 2006

ಹರೀ,

ಕರಡು ಇದರ ಜೊತೆಗಿದೆ. ಒಂದು ತಿಂಗಳು ಹಿಡಿಯಿತು. ಬೇರೆಯವರದ್ದಾಗಿದ್ದರೆ ಒಂದು ಬೆಳಗಿನ ಕೆಲಸ. ಅಣ್ಣತಮ್ಮಂದಿರು ಬಾವಿಯ ನೀರಿಗೂ ಬೇಲಿಯ ಕತ್ತಾಳೆಗೂ ಜಗಳವಾಡಿ ಬರೆಸಿಕೊಂಡ ವಿಭಾಗಪತ್ರಗಳನ್ನು ಎಷ್ಟು ಬರೆದಿದ್ದೇನೋ. ‘ದಕ್ಷಿಣಕ್ಕೆ ವಿದ್ಯಾಧೀಶನ ಭಾಗ’ ಅಂತ ಟೈಪು ಮಾಡುವಾಗ ನನ್ನ ಹೆಸರು ನಿನ್ನ ಗಡಿಯಾಗಿ ಬಂದದ್ದು ನೋಡಿದೆ. ದುಃಖವಾಯಿತು. ಗಡಿಯಾಗಿಯಾದರೂ ಇದ್ದೇನಲ್ಲ ಅಂತಲೂ ಅನ್ನಿಸಿತು.

ಸರ್ವೆಯವರನ್ನು ಕರೆಸದೆ ನಾನೇ ಟೇಪು ಹಿಡಿದು ಅಳೆದೆ. ಬಾವಿ ನಿನ್ನ ಕಡೆ ಹೋಯಿತು. ನನಗೆ ದಿನಕ್ಕೆ ಎರಡು ಬಿಂದಿಗೆ ನೀರಿನ ಹಕ್ಕು ಇರಲಿ ಅಂತ ಸೇರಿಸಬೇಕೆಂದಿದ್ದೆ, ಸೇರಿಸಲಿಲ್ಲ. ಬೀದಿ ನಲ್ಲಿ ಸಾಕು. ಪತ್ರದಲ್ಲಿ ಬರುವ ಅಳತೆಗಳನ್ನೆಲ್ಲ ಗಂಗುಲಪ್ಪನ ಕೈಲಿ ಇನ್ನೊಂದು ಸಲ ಓದಿಸಿದ್ದೇನೆ. ನನ್ನ ನಕಲನ್ನು ನೀನು ನಂಬಬೇಕಾಗಿಲ್ಲ, ಕೋಲಾರದಲ್ಲಿ ಯಾವ ವಕೀಲರಿಗಾದರೂ ತೋರಿಸು.

ಸಾಕ್ಷಿಗಳಾಗಿ ಗಂಗುಲಪ್ಪ, ಆದಿಲಕ್ಷ್ಮಿ ಬರುತ್ತಾರೆ. ನೀನು ಖುದ್ದು ಹಾಜರಾಗಿ ಸಹಿ ಹಾಕಬೇಕು, ಫೋಟೋ ಹಿಡಿಯುತ್ತಾರೆ. ಅದನ್ನು ಅಂಚೆಯಲ್ಲಿ ಮಾಡಲು ಆಗುವುದಿಲ್ಲ.

ಗೋಡೆಗೆ ಗಾರೆ ಕೆಲಸದ ಚನ್ನರಾಯಪ್ಪನನ್ನು ಕರೆಸಿದ್ದೆ. ಅಳತೆ ನೋಡಿ, ಕೈಸನ್ನೆ ಮಾಡಿ, ಸಾಲದೆ ಅವನ ಮಗಳ ಕೈಲಿ ಬರೆಸಿದ: ‘ಮಧ್ಯದಾಗೆ ಒಂದು ಬಾಗ್ಲು ಬಿಡಾನ ಸ್ವಾಮಿ, ಅಣ್ಣತಂಗಿ ಅಲ್ವಾ.’ ಬೇಡ ಅಂದೆ. ನೀನು ಕೇಳಿದ್ದು ಗೋಡೆ. ಬಾಗಿಲು ಇಟ್ಟರೂ ನೀನು ಆ ಕಡೆಯಿಂದ ತಟ್ಟಿದರೆ ನನಗೆ ಕೇಳಿಸುವುದಿಲ್ಲ.

ಒಂದೇ ಒಂದು ಕೋರಿಕೆ. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಬಿಡಿಸಲೇ? ಮಾತಾಡಲು ಅಲ್ಲ. ನೀನು ದೀಪ ಹಾಕಿದರೆ ನನಗೆ ಕಾಣುತ್ತದೆ. ಮನೆಯಲ್ಲಿದ್ದೀಯ ಅಂತ ಗೊತ್ತಾಗುತ್ತದೆ, ಅಷ್ಟು ಸಾಕು. ಬೇಡವೆಂದರೆ ಇಟ್ಟಿಗೆ ಪೂರ್ತಿ ಕಟ್ಟಿಸಿಬಿಡುತ್ತೇನೆ, ಎರಡನೇ ಸಲ ಕೇಳುವುದಿಲ್ಲ.

ಅಣ್ಣ


ಮಾಲೂರು
27 ಫೆಬ್ರವರಿ 2006

ಅಣ್ಣಾ,

ಕರಡು ಓದಿದೆ. ಯಾವ ವಕೀಲರಿಗೂ ತೋರಿಸಿಲ್ಲ. ಬಾವಿ ಇಬ್ಬರಿಗೂ ಅಂತ ತಿದ್ದು.

ಮಾರ್ಚ್ ಹದಿಮೂರು, ಸೋಮವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಸಹಿ ಹಾಕಿ ಮಧ್ಯಾಹ್ನ ವಾಪಸ್. ಊಟಕ್ಕೆ ಏನೂ ಮಾಡಬೇಡ.

ಕಿಟಕಿ ಇರಲಿ. ಚಿಲಕ ನನ್ನ ಕಡೆಗೆ.

ಹರಿಪ್ರಿಯಾ